ಕ್ರಿಸ್‌ಮಸ್ ರಜೆಗೆ ಇಂಗ್ಲೆಂಡಿನ ಯಾವ ಊರು? ಪದೇ ಪದೇ ಕೇಳುವ ಪ್ರಶ್ನೆಗಳು

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾರೆ, ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಹೊರಟಿದ್ದಾರೆ. ಇಂಥ ಮನೆಗಳು ಈಗ ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲೇ ನೆಲೆಸಿರುವ ಕನ್ನಡಿಗರೂ ಮಕ್ಕಳಿಗೆ ರಜೆ ಬಿದ್ದ ಕೂಡಲೇ ಎಲ್ಲಿಗಾದರೂ ಹೋಗೋಣ ಅನ್ನುತ್ತಾರೆ. ಅವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

ಊರು ಆರಿಸುವ ಮೊದಲು ಏನನ್ನು ತೀರ್ಮಾನ ಮಾಡಿಕೊಳ್ಳಬೇಕು?

ನಿಮಗೆ ಬೇಕಿರುವುದು ಹಬ್ಬದ ದಿನವೋ, ಹಬ್ಬಕ್ಕೆ ಮುಂಚಿನ ಸಡಗರವೋ? ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಇಂಗ್ಲೆಂಡಿನಲ್ಲಿ ಇವೆರಡೂ ಬೇರೆ ಬೇರೆ. ಮರದ ಗೂಡಂಗಡಿಗಳ ಸಾಲು, ಬೀದಿ ತುಂಬ ಜನ, ಬಿಸಿ ಬಿಸಿ ತಿಂಡಿ, ಹಾಡು, ಇದೆಲ್ಲ ನವೆಂಬರ್ ಮಧ್ಯದಿಂದ ಶುರುವಾಗಿ 25ರೊಳಗೆ ಮುಗಿದುಹೋಗುತ್ತದೆ. ಬಾತ್ ಎಂಬ ಊರಿನ ಕ್ರಿಸ್‌ಮಸ್ ಮಾರ್ಕೆಟ್ ಸಾಮಾನ್ಯವಾಗಿ ಡಿಸೆಂಬರ್ ಮಧ್ಯಕ್ಕೇ ಮುಗಿಯುತ್ತದೆ. ಯಾರ್ಕ್, ವಿಂಚೆಸ್ಟರ್‌ಗಳಲ್ಲಿ ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಅಂಗಡಿ ಎತ್ತುತ್ತಾರೆ. 25 ಮಾತ್ರ ಪೂರ್ತಿ ಮನೆಯ ಹಬ್ಬ. ಬಾಗಿಲು ಹಾಕಿಕೊಂಡು ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ. ಹೊರಗಿನಿಂದ ಬಂದವರಿಗೆ ಅಂದು ಊರು ಖಾಲಿ ಖಾಲಿ ಕಾಣುತ್ತದೆ.

ಮಾರ್ಕೆಟ್ ಮುಖ್ಯ ಅಂದರೆ ಡಿಸೆಂಬರ್ ಮೊದಲ ಎರಡು ವಾರ ನೋಡಿ. ಹಬ್ಬದ ದಿನವೇ ಮುಖ್ಯ ಅಂದರೆ 23ರಿಂದ 27. ಎರಡೂ ಬೇಕು ಅನ್ನುವವರು 19ರ ಸುಮಾರಿಗೆ ಯಾರ್ಕ್‌ಗೋ ವಿಂಚೆಸ್ಟರ್‌ಗೋ ಹೋಗಿ ಅಲ್ಲೇ 27ರವರೆಗೆ ಉಳಿಯಲಿ. ಆ ವರ್ಷದ ತಾರೀಕುಗಳನ್ನು ಮಾತ್ರ ಊರಿನ ಕೌನ್ಸಿಲ್ ಅಥವಾ ಪ್ರವಾಸೋದ್ಯಮದ ಜಾಲತಾಣದಲ್ಲಿ ನೋಡಿಯೇ ವಿಮಾನದ ಟಿಕೆಟ್ ತೆಗೆಯಿರಿ.

25ರಂದು ನಿಜವಾಗಿಯೂ ಎಲ್ಲಾ ಮುಚ್ಚಿರುತ್ತಾ?

ಹೌದು. ನಮ್ಮಲ್ಲಿ ಹಬ್ಬ ಅಂದರೆ ಬಸ್ ಜಾಸ್ತಿ ಬಿಡುತ್ತಾರೆ, ಅಂಗಡಿ ರಾತ್ರಿಯವರೆಗೂ ತೆರೆದಿರುತ್ತದೆ. ಅಲ್ಲಿ ಉಲ್ಟಾ. ಡಿಸೆಂಬರ್ 25ರಂದು ರೈಲು ಓಡುವುದಿಲ್ಲ. ಲಂಡನ್ನಿನ ಟ್ಯೂಬ್, ಅಂದರೆ ನೆಲದಡಿಯ ಮೆಟ್ರೋ, ಓಡುವುದಿಲ್ಲ. ಹೆಚ್ಚಿನ ಊರುಗಳಲ್ಲಿ ಬಸ್ಸೂ ಇಲ್ಲ. 24ರ ಸಂಜೆಯೇ ರೈಲುಗಳು ಬೇಗ ನಿಂತುಬಿಡುತ್ತವೆ. 26ರಂದು ಬಾಕ್ಸಿಂಗ್ ಡೇ, ಅದೂ ಸರ್ಕಾರಿ ರಜೆ. ಅವತ್ತು ಅಲ್ಲೊಂದು ಇಲ್ಲೊಂದು ರೈಲು ಬಿಟ್ಟರೆ ಬಹುಪಾಲು ಮಾರ್ಗ ಬಂದ್.

ಅಂಗಡಿಗಳಿಗಂತೂ ಕಾನೂನೇ ಇದೆ. 2004ರ ಕಾಯ್ದೆಯ ಪ್ರಕಾರ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿ ಕ್ರಿಸ್‌ಮಸ್ ದಿನ ತೆರೆಯುವಂತಿಲ್ಲ. ಹಾಗಾಗಿ ಸೂಪರ್ ಮಾರ್ಕೆಟ್ ಎಲ್ಲವೂ ಬಂದ್. ಬೀದಿ ಕೊನೆಯ ಸಣ್ಣ ಅಂಗಡಿ, ಪೆಟ್ರೋಲ್ ಬಂಕಿನ ಅಂಗಡಿ ಕೆಲವು ತೆರೆದಿರಬಹುದು. ಮ್ಯೂಸಿಯಂ, ಕೋಟೆ, ಅರಮನೆಗಳಲ್ಲಿ ಹೆಚ್ಚಿನವು 24ರಿಂದ 26ರವರೆಗೆ ಬಾಗಿಲು ಹಾಕುತ್ತವೆ.

ತೆರೆದಿರುವುದು ಏನು? ಚರ್ಚು, ಕೆಥೆಡ್ರಲ್ (ಬಿಷಪ್‌ರ ಪೀಠ ಇರುವ ದೊಡ್ಡ ಚರ್ಚು). ಮಧ್ಯಾಹ್ನ ಒಂದೆರಡು ಗಂಟೆ ಕೆಲವು ಪಬ್. ಮೊದಲೇ ಟೇಬಲ್ ಕಾದಿರಿಸಿದವರಿಗೆ ಹೋಟೆಲ್ ಊಟ. ಪಾರ್ಕು, ನದಿ ದಂಡೆ, ಗುಡ್ಡದ ಕಾಲುದಾರಿ. ಅಷ್ಟೇ.

ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು ಒಂದೇ ಮಾತು. ದೀಪಾಲಂಕಾರದ ಫೋಟೋ ನೋಡಿ ಊರು ಆರಿಸಬೇಡಿ. 25 ಮತ್ತು 26ರಂದು ಯಾವ ವಾಹನವೂ ಇಲ್ಲದೆ, ನಿಮ್ಮ ಕೋಣೆಯಿಂದ ಕಾಲ್ನಡಿಗೆಯಲ್ಲಿ ಏನೇನು ಮಾಡಬಹುದು ಅಂತ ನೋಡಿ ಆರಿಸಿ. ಕೆಥೆಡ್ರಲ್ ಹತ್ತು ನಿಮಿಷದಲ್ಲಿರಬೇಕು. ಸುತ್ತಾಡಲು ಹಳೇ ಬೀದಿ, ನದಿ ದಂಡೆ ಇರಬೇಕು. ಊಟಕ್ಕೆ ನಡೆದು ಹೋಗುವಂತಿರಬೇಕು. ಇಷ್ಟಿದ್ದರೆ ಆ ಎರಡು ದಿನ ತುಂಬಾ ಚೆನ್ನಾಗಿರುತ್ತವೆ. ಇಲ್ಲದಿದ್ದರೆ ಕೋಣೆಯಲ್ಲಿ ಕೂತು ಟಿವಿ ನೋಡಬೇಕಾಗುತ್ತದೆ.

ಜಾಸ್ತಿ ತಲೆ ಕೆಡಿಸಿಕೊಳ್ಳಲು ಆಗಲ್ಲ. ಒಂದೇ ಊರು ಹೇಳಿ ಅಂದರೆ?

ಯಾರ್ಕ್.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಇಳಿದ ಕೂಡಲೇ ಎದುರಿಗೆ ಮಧ್ಯಯುಗದ ಕೋಟೆ ಗೋಡೆ ಕಾಣುತ್ತದೆ. ಆ ಗೋಡೆಯ ಮೇಲೆಯೇ ನಡೆಯಬಹುದು, ಒಟ್ಟು 3.4 ಕಿಲೋಮೀಟರ್, ಟಿಕೆಟ್ ಇಲ್ಲ. ಹಿಮಗಡ್ಡೆ ಕಟ್ಟಿದ ದಿನ ಮಾತ್ರ ಮುಚ್ಚುತ್ತಾರೆ. ಗೋಡೆಯ ಒಳಗಿನ ಊರು ಎಷ್ಟು ಚಿಕ್ಕದು ಅಂದರೆ ಯಾವ ಮೂಲೆಯಿಂದ ಯಾವ ಮೂಲೆಗಾದರೂ ಇಪ್ಪತ್ತು, ಇಪ್ಪತ್ತೈದು ನಿಮಿಷದ ನಡಿಗೆ. ರೋಮನ್ನರ ಕಾಲದ ಊರಿದು. 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ಅವನ ಸೈನಿಕರು ಚಕ್ರವರ್ತಿ ಅಂತ ಸಾರಿದ್ದು ಇಲ್ಲೇ. ಮುಂದೆ ಕ್ರೈಸ್ತ ಧರ್ಮಕ್ಕೆ ರೋಮ್ ಸಾಮ್ರಾಜ್ಯದಲ್ಲಿ ಜಾಗ ಕೊಟ್ಟವನು ಅವನೇ. ಕ್ರಿಸ್‌ಮಸ್ ದಿನ ಮಿನ್‌ಸ್ಟರ್ ಕೆಥೆಡ್ರಲ್ ಪಕ್ಕದಲ್ಲಿರುವ ಅವನ ಪ್ರತಿಮೆಯ ಮುಂದೆ ನಿಂತಾಗ ಈ ಸಂಗತಿ ನೆನಪಿರಲಿ.

ಯಾರ್ಕ್ ಮಿನ್‌ಸ್ಟರ್ ಎಂಬ ಕೆಥೆಡ್ರಲ್ ಊರಿನ ನಡುವೆಯೇ ಇದೆ. ನೋಡಲು ಹೋದರೆ ಟಿಕೆಟ್, ಪ್ರಾರ್ಥನೆಗೆ ಹೋದರೆ ಉಚಿತ. ಇಲ್ಲೊಂದು ಹಳೆಯ ಪದ್ಧತಿ ಇದೆ. ಕ್ರಿಸ್‌ಮಸ್ ಸಮಯದಲ್ಲಿ ಮುಖ್ಯ ಪೀಠದ ಮೇಲೆ ಮಿಸಲ್‌ಟೋ ಬಂದಳಿಕೆಯ ಗೊಂಚಲು ಇಡುತ್ತಾರೆ. ಇಂಗ್ಲೆಂಡಿನ ಹೆಚ್ಚಿನ ಚರ್ಚುಗಳು ಅದನ್ನು ಕ್ರೈಸ್ತ ಧರ್ಮಕ್ಕಿಂತ ಹಿಂದಿನ ನಂಬಿಕೆಗಳ ಗಿಡ ಅಂತ ದೂರ ಇಟ್ಟಿದ್ದವು. ಇಲ್ಲಿ ಮಾತ್ರ ಒಳಗೆ ಬಿಟ್ಟುಕೊಂಡಿದ್ದಾರೆ.

ಸೇಂಟ್ ನಿಕೋಲಸ್ ಫೇರ್ ಎಂಬ ಮಾರ್ಕೆಟ್ ಪಾರ್ಲಿಮೆಂಟ್ ಸ್ಟ್ರೀಟ್‌ನಲ್ಲಿ ನಡೆಯುತ್ತದೆ. ಪಕ್ಕದಲ್ಲೇ ಶಾಂಬಲ್ಸ್, ಮರದ ಮನೆಗಳು ಎರಡೂ ಕಡೆಯಿಂದ ಬಾಗಿ ಬಂದು ಮೇಲೆ ಇನ್ನೇನು ಮುಟ್ಟಿಕೊಳ್ಳುತ್ತವೆ ಅನ್ನುವಂಥ ಇಕ್ಕಟ್ಟಿನ ಬೀದಿ. ಹಿಂದೆ ಮಾಂಸದಂಗಡಿಗಳ ಸಾಲು ಇದ್ದ ಜಾಗ. ಡಿಸೆಂಬರ್‌ನ ಶನಿವಾರ ಅಲ್ಲಿ ಕಾಲಿಡಲು ಆಗುವುದಿಲ್ಲ. ದಯವಿಟ್ಟು ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೋಗಿ. ಮಳೆ ಬಂದರೆ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಇದೆ, ಪ್ರವೇಶ ಉಚಿತ, ನಿಲ್ದಾಣದ ಹಿಂದೆಯೇ. ರೈಲು ಇಷ್ಟಪಡುವ ಮಗುವಿದ್ದರೆ ಅರ್ಧ ದಿನ ಅಲ್ಲೇ ಹೋಗುತ್ತದೆ.

ಒಂದು ಎಚ್ಚರಿಕೆ. ಊಸ್ ನದಿ ಚಳಿಗಾಲದಲ್ಲಿ ಉಕ್ಕುತ್ತದೆ, ದಂಡೆಯ ಬೀದಿಗಳಿಗೆ ನೀರು ನುಗ್ಗುತ್ತದೆ. ಕೋಣೆ ಹಿಡಿಯುವಾಗ ನದಿಗೆ ತಾಗಿದ ಕಟ್ಟಡದ ನೆಲಮಹಡಿ ಬೇಡ.

ಬಾತ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ಯಾಕೆ ಮೊದಲಲ್ಲ?

ಬಾತ್ ಸುಂದರ ಊರು, ಅದರಲ್ಲಿ ಎರಡು ಮಾತಿಲ್ಲ. ಇಡೀ ಊರು ಜೇನುಬಣ್ಣದ ಕಲ್ಲಿನದು. ರಾಯಲ್ ಕ್ರೆಸೆಂಟ್‌ನ 30 ಮನೆಗಳ ಬಾಗಿದ ಸಾಲು 1767ರಿಂದ 1774ರ ನಡುವೆ ಕಟ್ಟಿದ್ದು. ಸಂಜೆ ದೀಪ ಹತ್ತಿದಾಗ ಅದನ್ನು ನೋಡಬೇಕು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಒಂದೂವರೆ ಗಂಟೆ.

ಆದರೆ ಜನ ಬಾತ್‌ಗೆ ಹೋಗುವುದು ಎರಡು ಕಾರಣಕ್ಕೆ: ಮಾರ್ಕೆಟ್ ಮತ್ತು ಬಿಸಿನೀರು. ಮಾರ್ಕೆಟ್ ಬೇಗ ಮುಗಿಯುತ್ತದೆ. ರೋಮನ್ ಸ್ನಾನಗೃಹ 25, 26ರಂದು ಬಂದ್. ಮಹಡಿಯ ಮೇಲೆ ಬಿಸಿನೀರಿನ ಕೊಳ ಇರುವ ಥರ್ಮೆ ಸ್ಪಾ ಕೂಡ ಆ ದಿನ ತೆರೆಯುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಬಾತ್ ಹಬ್ಬದ ಮುಂಚಿನ ಊರು. ಡಿಸೆಂಬರ್ ಮೊದಲ ವಾರದ ಒಂದು ಮಂಗಳವಾರ ಬುಧವಾರ ಹೋಗಿ, ಮನಸ್ಸು ತುಂಬುತ್ತದೆ. ವಾರಾಂತ್ಯ ಬೇಡ.

ಗದ್ದಲವೇ ಬೇಡ, ಇಬ್ಬರೇ ನಿಧಾನವಾಗಿ ನಡೆಯಬೇಕು ಅನ್ನುವವರಿಗೆ ಮಾತ್ರ 25ರ ಬಾತ್ ಕೂಡ ಚೆನ್ನ. ಬಾತ್ ಅಬ್ಬೆ ಎಂಬ ದೊಡ್ಡ ಚರ್ಚಿನಲ್ಲಿ ಬೆಳಗಿನ ಪ್ರಾರ್ಥನೆ ಮುಗಿಸಿ ಕೆನೆಟ್ ಆ್ಯಂಡ್ ಏವನ್ ಕಾಲುವೆ ದಂಡೆಯಲ್ಲಿ ಎಷ್ಟು ದೂರ ಬೇಕಾದರೂ ಹೋಗಬಹುದು.

ಹಿಮ ಬೀಳುತ್ತಾ?

ನಂಬಿಕೊಂಡು ಹೋಗಬೇಡಿ. ಇಂಗ್ಲೆಂಡಿನಲ್ಲಿ ಡಿಸೆಂಬರ್‌ಗಿಂತ ಜನವರಿಯಿಂದ ಮಾರ್ಚ್‌ವರೆಗೆ ಹಿಮ ಬೀಳುವ ಸಾಧ್ಯತೆ ಜಾಸ್ತಿ. ಅಲ್ಲಿನ ಹವಾಮಾನ ಇಲಾಖೆಯ ಲೆಕ್ಕದಲ್ಲಿ 25ರ ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದೇ ಒಂದು ಹಿಮದ ಹರಳು ಬಿದ್ದದ್ದು ಕಂಡರೂ ಅದು ಬಿಳಿ ಕ್ರಿಸ್‌ಮಸ್. ನೀವು ಮನಸ್ಸಿನಲ್ಲಿಟ್ಟುಕೊಂಡ ಚಿತ್ರ ಅದಲ್ಲ ಅಲ್ವಾ? ದೇಶದ ತುಂಬ ನೆಲ ಬೆಳ್ಳಗಾಗಿದ್ದ ಕ್ರಿಸ್‌ಮಸ್ ಅಂದರೆ 2010ರದ್ದು.

ನಿಜದಲ್ಲಿ ಸಿಗುವುದು ಐದರಿಂದ ಎಂಟು ಡಿಗ್ರಿ ಚಳಿ, ತುಂತುರು ಮಳೆ, ಮೋಡ. ಬೆಳಕು ಕಡಿಮೆ. ಯಾರ್ಕ್‌ನಲ್ಲಿ ಸೂರ್ಯ ಎಂಟೂಕಾಲು ದಾಟಿದ ಮೇಲೆ ಹುಟ್ಟಿ ಮಧ್ಯಾಹ್ನ 3.40ರ ಹೊತ್ತಿಗೆ ಮುಳುಗುತ್ತಾನೆ. ಲಂಡನ್ನಿನಲ್ಲಿ ಸ್ವಲ್ಪ ವಾಸಿ, ನಾಲ್ಕಕ್ಕೆ ಕೆಲವೇ ನಿಮಿಷ ಮುಂಚೆ. ಹೊರಗಿನ ಓಡಾಟವನ್ನೆಲ್ಲ ಹತ್ತರಿಂದ ಮೂರರೊಳಗೆ ಮುಗಿಸಿ. ಆಮೇಲೆ ದೀಪ ನೋಡುವ ಹೊತ್ತು. ಬೇಗ ಕತ್ತಲಾಗುವುದರಿಂದಲೇ ದೀಪದ ಹಬ್ಬ ಅಷ್ಟು ಚೆನ್ನಾಗಿ ಕಾಣುವುದು.

ಕ್ರಿಸ್‌ಮಸ್‌ನ ಕ್ಯಾರಲ್ ಹಾಡು ಕೇಳಲು ಎಲ್ಲಿಗೆ ಹೋಗಬೇಕು? ನಾವು ಕ್ರೈಸ್ತರಲ್ಲ, ಒಳಗೆ ಬಿಡುತ್ತಾರಾ?

ಧಾರಾಳವಾಗಿ ಬಿಡುತ್ತಾರೆ. ಇಂಗ್ಲೆಂಡಿನ ಕೆಥೆಡ್ರಲ್‌ಗಳಲ್ಲಿ ಸಂಜೆಯ ಹಾಡಿನ ಪ್ರಾರ್ಥನೆ, ಈವನ್‌ಸಾಂಗ್, ಎಲ್ಲರಿಗೂ ತೆರೆದಿದೆ, ದುಡ್ಡಿಲ್ಲ. ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ರೊಟ್ಟಿ, ದ್ರಾಕ್ಷಾರಸದ ಪ್ರಸಾದ ಕೊಡುವ ಸೇವೆಯಾದರೆ ನಿಮ್ಮ ಜಾಗದಲ್ಲೇ ಕೂತಿರಬಹುದು. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕ್ಯಾರಲ್ ಅಂದ ಕೂಡಲೇ ನೆನಪಾಗುವುದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್ ಚಾಪೆಲ್. ಡಿಸೆಂಬರ್ 24ರ ಮಧ್ಯಾಹ್ನ ಮೂರಕ್ಕೆ, ಕತ್ತಲು ಇಳಿಯುವ ಹೊತ್ತಿನಲ್ಲಿ, ಒಬ್ಬನೇ ಹುಡುಗ ಯಾವ ವಾದ್ಯವೂ ಇಲ್ಲದೆ ಮೊದಲ ಚರಣ ಹಾಡುತ್ತಾನೆ. ಅದನ್ನು ಯಾರು ಹಾಡಬೇಕು ಅನ್ನುವುದು ಆ ಕ್ಷಣದವರೆಗೂ ಹುಡುಗರಿಗೆ ಗೊತ್ತಿರುವುದಿಲ್ಲ. ಒಂಬತ್ತು ಬೈಬಲ್ ಪಾಠ, ನಡುನಡುವೆ ಹಾಡು. 1918ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮರುವಾರಗಳಲ್ಲಿ ಇಲ್ಲಿ ಶುರುವಾಯಿತು. 1928ರಿಂದ ಬಿಬಿಸಿ ರೇಡಿಯೋ ಪ್ರಸಾರ ಮಾಡುತ್ತಿದೆ. ಒಳಗೆ ಜಾಗ ಸಿಗುವುದು ಕಷ್ಟ. ಪ್ರವೇಶದ ನಿಯಮವನ್ನು ಕಾಲೇಜಿನ ಜಾಲತಾಣದಲ್ಲಿ ಶರತ್ಕಾಲದಲ್ಲೇ ನೋಡಿಕೊಳ್ಳಬೇಕು. ಸಿಗಲಿಲ್ಲ ಅಂದರೆ ಬೇಜಾರು ಬೇಡ, ಕೇಂಬ್ರಿಜ್‌ನ ಬೇರೆ ಕಾಲೇಜುಗಳಲ್ಲಿ, ಚರ್ಚುಗಳಲ್ಲಿ ಡಿಸೆಂಬರ್ ತುಂಬ ಹಾಡು ಇರುತ್ತದೆ.

ಈ ಒಂಬತ್ತು ಪಾಠದ ಪದ್ಧತಿ ಮೂಲದಲ್ಲಿ ಕೇಂಬ್ರಿಜ್‌ನದಲ್ಲ. ದೂರದ ಕಾರ್ನ್‌ವಾಲ್‌ನ ಟ್ರೂರೋದ್ದು. 1880ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಹೊಸ ಕೆಥೆಡ್ರಲ್ ಇನ್ನೂ ಕಟ್ಟುತ್ತಿದ್ದಾಗ, ತಾತ್ಕಾಲಿಕವಾಗಿ ಹಾಕಿದ್ದ ಮರದ ಶೆಡ್ಡಿನಲ್ಲಿ ಬಿಷಪ್ ಎಡ್ವರ್ಡ್ ವೈಟ್ ಬೆನ್ಸನ್ ಇದನ್ನು ನಡೆಸಿದರು. ಇವತ್ತು ಲೋಕದ ಎಷ್ಟೋ ಇಂಗ್ಲಿಷ್ ಚರ್ಚುಗಳಲ್ಲಿ ನಡೆಯುವುದು ಇದೇ. ಟ್ರೂರೋದಲ್ಲಿ ಈಗಲೂ ಕೇಳಬಹುದು.

ಡರಮ್ ಕೂಡ ನನಗೆ ತುಂಬಾ ಇಷ್ಟದ ಊರು. 1093ರಲ್ಲಿ ಶುರುವಾದ ಕೆಥೆಡ್ರಲ್ ಗುಡ್ಡದ ಮೇಲೆ, ನದಿ ಮೂರು ಕಡೆ ಸುತ್ತಿಕೊಂಡಿದೆ. ಆ ದಪ್ಪ ಕಂಬಗಳ ನಡುವೆ ಕೂತು ಹಾಡು ಕೇಳುವುದೇ ಒಂದು ಭಾಗ್ಯ. ಯಾರ್ಕ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ.

ಚರ್ಚಿನ ಹೊರಗೆ ಹಾಡು ಬೇಕಾದರೆ ಶೆಫೀಲ್ಡ್ ಸುತ್ತಲಿನ ಹಳ್ಳಿಗಳ ಪಬ್‌ಗಳಿಗೆ ಹೋಗಿ. ನವೆಂಬರ್ ಮಧ್ಯದಿಂದ ಬಾಕ್ಸಿಂಗ್ ಡೇವರೆಗೆ ಅಲ್ಲಿನ ಜನ ತಮ್ಮೂರಿನದೇ ಹಳೆಯ ಧಾಟಿಗಳಲ್ಲಿ ಕ್ಯಾರಲ್ ಹಾಡುತ್ತಾರೆ. ವಿಕ್ಟೋರಿಯಾ ಕಾಲದಲ್ಲಿ ಚರ್ಚುಗಳು ಹಳೆಯ ಧಾಟಿಗಳನ್ನು ಬಿಟ್ಟವು. ಜನ ಬಿಡಲಿಲ್ಲ, ಪಬ್ಬಿಗೆ ತಂದುಕೊಂಡರು. ವೇದಿಕೆ ಇಲ್ಲ, ಟಿಕೆಟ್ ಇಲ್ಲ. ಬೇಗ ಹೋದವರಿಗೆ ಕೂರಲು ಜಾಗ.

ದೊಡ್ಡ ಮಾರ್ಕೆಟ್ ಎಲ್ಲಿದೆ? ಲಿಂಕನ್ ಹೆಸರು ಕೇಳಿದ್ದೆವು.

ಲಿಂಕನ್ ಮಾರ್ಕೆಟ್ ಈಗ ಇಲ್ಲ. 1982ರಲ್ಲಿ ಶುರುವಾಗಿ ನಾಲ್ಕು ದಶಕ ನಡೆಯಿತು. ಜನಸಂದಣಿ ಕೈ ಮೀರಿತು ಅಂತ 2023ರಲ್ಲಿ ಕೌನ್ಸಿಲ್ ನಿಲ್ಲಿಸಿತು. ಹಳೆಯ ಲೇಖನಗಳಲ್ಲಿ ಇನ್ನೂ ಅದರ ಹೆಸರು ಮೊದಲಿರುತ್ತದೆ, ನೋಡಿ ಮೋಸ ಹೋಗಬೇಡಿ. ಊರು ಮಾತ್ರ ಈಗಲೂ ಚೆಂದ. ಒಂದು ಕಾಲಕ್ಕೆ ಲೋಕದಲ್ಲೇ ಎತ್ತರದ ಕಟ್ಟಡ ಅನ್ನಿಸಿಕೊಂಡಿದ್ದ ಕೆಥೆಡ್ರಲ್ ಅಲ್ಲಿದೆ.

ದೊಡ್ಡದು ಬೇಕಾದರೆ ಬರ್ಮಿಂಗ್‌ಹ್ಯಾಮ್‌ನ ಜರ್ಮನ್ ಮಾರ್ಕೆಟ್, ಮ್ಯಾಂಚೆಸ್ಟರ್. ಎರಡೂ ಮಹಾನಗರಗಳು, ಗದ್ದಲ ಇಷ್ಟಪಡುವವರಿಗೆ. ನನ್ನ ಆಯ್ಕೆ ವಿಂಚೆಸ್ಟರ್. ಕೆಥೆಡ್ರಲ್‌ನ ಅಂಗಳದಲ್ಲೇ ಅಂಗಡಿಗಳು. ಕೈಯಲ್ಲಿ ಮಾಡಿದ ಸಾಮಾನು ಜಾಸ್ತಿ, ಸುಮ್ನೆ ತಂದು ಸುರಿದ ಪ್ಲಾಸ್ಟಿಕ್ ಕಡಿಮೆ. ಲಂಡನ್ನಿನ ವಾಟರ್‌ಲೂದಿಂದ ಒಂದು ಗಂಟೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಸಸ್ಯಾಹಾರಿಗಳಿಗೆ ಹಬ್ಬದ ಊಟ ಸಿಗುತ್ತಾ?

ಸಿಗುತ್ತದೆ, ಆದರೆ ಕೇಳಬೇಕು. ಟರ್ಕಿ ಕೋಳಿಯ ಬದಲು ನಟ್ ರೋಸ್ಟ್ ಕೊಡುತ್ತಾರೆ. ಬೀಜಗಳು, ತರಕಾರಿ, ಬ್ರೆಡ್ ಸೇರಿಸಿ ಬೇಯಿಸಿದ್ದು. ಅದರ ಜೊತೆ ಹುರಿದ ಆಲೂ, ಪಾರ್ಸ್‌ನಿಪ್, ಬ್ರಸೆಲ್ಸ್ ಸ್ಪ್ರೌಟ್ಸ್, ಕ್ರ್ಯಾನ್‌ಬೆರಿ ಸಾಸ್.

ಮೋಸ ಆಗುವುದು ಪಕ್ಕದ ಐಟಂಗಳಲ್ಲಿ. ಆಲೂಗಡ್ಡೆಯನ್ನು ಬಾತುಕೋಳಿ ಜಾತಿಯ ಹಕ್ಕಿಯ ಕೊಬ್ಬಿನಲ್ಲಿ ಹುರಿಯುವುದು ಸಾಮಾನ್ಯ. ಗ್ರೇವಿ ಮಾಂಸದ ರಸದ್ದು. ಹಳೆಯ ಪದ್ಧತಿಯ ಕ್ರಿಸ್‌ಮಸ್ ಪುಡಿಂಗ್, ಮಿನ್ಸ್ ಪೈಗಳಲ್ಲಿ ದನದ ಕೊಬ್ಬು ಇರುತ್ತದೆ. ಹೆಸರು ಕೇಳಿದರೆ ಒಣದ್ರಾಕ್ಷಿಯ ಸಿಹಿ ಅನ್ನಿಸುತ್ತದೆ, ಅದಕ್ಕೇ ನಮ್ಮವರು ತಿಂದುಬಿಡುತ್ತಾರೆ. ಈಗ ತರಕಾರಿ ಕೊಬ್ಬಿನದೂ ಧಾರಾಳ ಸಿಗುತ್ತದೆ. ಸೂಪರ್ ಮಾರ್ಕೆಟ್ ಪೊಟ್ಟಣದ ಮೇಲೆ ವೆಜಿಟೇರಿಯನ್ ಅಂತ ಬರೆದದ್ದನ್ನೇ ಕೊಳ್ಳಿ. ಪುಡಿಂಗ್‌ಗೆ ಬ್ರಾಂಡಿ, ಮೊಟ್ಟೆ ಹಾಕಿರುತ್ತಾರೆ ಅನ್ನುವುದೂ ಗೊತ್ತಿರಲಿ. ಮೊಟ್ಟೆ ತಿನ್ನದವರು ವೀಗನ್ ಅಂತ ಬರೆದದ್ದನ್ನು ನೋಡಬೇಕು.

25ರ ಊಟಕ್ಕೆ ಎರಡು ದಾರಿ. ಹೋಟೆಲ್ ಊಟವಾದರೆ ಅಕ್ಟೋಬರ್‌ನೊಳಗೆ ಕಾದಿರಿಸಿ, ಮೆನು ಮೊದಲೇ ತಿಳಿಸಿ. ಅವತ್ತಿನ ದರ ಮಾಮೂಲಿಗಿಂತ ತುಂಬಾ ಜಾಸ್ತಿ. ಎರಡನೆಯದು, ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿದು 23ರಂದೇ ಸಾಮಾನು ತಂದಿಟ್ಟುಕೊಳ್ಳುವುದು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಇದೇ ವಾಸಿ. ಸಂಜೆ ಒಂದು ಬಿಸಿ ಸಾರನ್ನ ಆದರೆ ಎಲ್ಲರಿಗೂ ಸಮಾಧಾನ. ಕೆಲವು ಭಾರತೀಯ, ಬಾಂಗ್ಲಾದೇಶಿ ರೆಸ್ಟೋರೆಂಟ್‌ಗಳು 25ರಂದೂ ತೆರೆದಿರುತ್ತವೆ, ಮೊದಲೇ ಫೋನ್ ಮಾಡಿ ಕೇಳಿ.

ಪಟ್ಟಣವೂ ಬೇಡ, ಒಂದು ಹಳ್ಳಿ ಬೇಕು ಅಂದರೆ?

ಕಾರಿದ್ದರೆ ಮಾತ್ರ ಯೋಚಿಸಿ. ಕಾಟ್ಸ್‌ವೋಲ್ಡ್ಸ್‌ನ ಬೋರ್ಟನ್ ಆನ್ ದ ವಾಟರ್ ಹೆಸರು ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಊರ ನಡುವೆ ಹರಿಯುವ ವಿಂಡ್‌ರಶ್ ಹೊಳೆಯಲ್ಲೇ ಕ್ರಿಸ್‌ಮಸ್ ಮರ ನಿಲ್ಲಿಸುತ್ತಾರೆ. ಆದರೆ ಅಲ್ಲಿ ರೈಲು ನಿಲ್ದಾಣ ಇಲ್ಲ, ಬಸ್ ಕಡಿಮೆ. ಡಾರ್ಬಿಶೈರ್‌ನ ಕ್ಯಾಸಲ್‌ಟನ್ ಇನ್ನೂ ಚೆನ್ನ. ಮುಖ್ಯ ಬೀದಿಯುದ್ದಕ್ಕೂ ಅಂಗಡಿಗಳ ಮೇಲೆ ದೀಪದ ಮರಗಳು, ಹತ್ತಿರದ ಗುಹೆಗಳ ಒಳಗೇ ಕ್ಯಾರಲ್ ಕಛೇರಿ. ಅದರ ಟಿಕೆಟ್ ಬೇಗ ಖಾಲಿಯಾಗುತ್ತದೆ.

ನನ್ನ ಮನಸ್ಸು ಮಾತ್ರ ಕಾರ್ನ್‌ವಾಲ್ ತುದಿಯ ಮೌಜಲ್ ಎಂಬ ಮೀನುಗಾರರ ಊರಿನ ಕಡೆ. ಚಿಕ್ಕ ಬಂದರು, ಅದರ ಸುತ್ತ ಕಲ್ಲಿನ ಮನೆಗಳು. 1963ರಿಂದ ಅಲ್ಲಿನವರು ಕ್ರಿಸ್‌ಮಸ್‌ಗೆ ಬಂದರಿನ ತುಂಬ ದೀಪದ ಚಿತ್ರಗಳನ್ನು ಕಟ್ಟುತ್ತಾರೆ. ದೋಣಿ, ಮೀನು, ಸಮುದ್ರದ ಹಾವು, ಎಲ್ಲವೂ ನೀರಿನಲ್ಲಿ ಪ್ರತಿಬಿಂಬಿಸುತ್ತವೆ. ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ದಿನಗಳವರೆಗೆ ಇರುತ್ತವೆ.

ಡಿಸೆಂಬರ್ 19ರ ರಾತ್ರಿ ಒಂದು ಗಂಟೆ ಕಾಲ ಆ ದೀಪಗಳನ್ನು ಆರಿಸುತ್ತಾರೆ. 1981ರ ಅದೇ ರಾತ್ರಿ ಬಿರುಗಾಳಿಯಲ್ಲಿ ಸಿಕ್ಕಿದ ಹಡಗಿನವರನ್ನು ಉಳಿಸಲು ಪೆನ್ಲೀ ಲೈಫ್‌ಬೋಟಿನಲ್ಲಿ ಹೋದ ಈ ಊರಿನ ಎಂಟು ಜನ ವಾಪಸ್ ಬರಲಿಲ್ಲ. ಹಡಗಿನಲ್ಲಿದ್ದ ಎಂಟು ಜನರೂ ಉಳಿಯಲಿಲ್ಲ. ಆ ರಾತ್ರಿ ಅಲ್ಲಿದ್ದರೆ ಕ್ಯಾಮೆರಾ ಒಳಗಿಡಿ.

23ರಂದು ಅಲ್ಲಿ ಟಾಮ್ ಬಾಕಾಕ್ಸ್ ಈವ್. ಬಿರುಗಾಳಿಯಲ್ಲಿ ಒಬ್ಬನೇ ಸಮುದ್ರಕ್ಕೆ ಹೋಗಿ ಮೀನು ತಂದು ಊರಿನ ಹಸಿವು ನೀಗಿಸಿದ ಮೀನುಗಾರನ ಕಥೆ. ಅವನ ನೆನಪಿಗೆ ಸ್ಟಾರ್‌ಗೇಜಿ ಪೈ ಮಾಡುತ್ತಾರೆ. ಪೈಯ ಮೇಲ್ಪದರದಿಂದ ಮೀನಿನ ತಲೆಗಳು ಆಕಾಶ ನೋಡುತ್ತಿರುತ್ತವೆ. ಲಂಡನ್ನಿನಿಂದ ಪೆನ್‌ಜಾನ್ಸ್‌ಗೆ ರೈಲಿನಲ್ಲಿ ಐದು ಗಂಟೆಗೂ ಮೇಲೆ, ಅಲ್ಲಿಂದ ಹತ್ತಿರ. ಪೆನ್‌ಜಾನ್ಸ್‌ನಲ್ಲಿ ಉಳಿದುಕೊಂಡರೆ ಅಂಗಡಿ, ಊಟಕ್ಕೆ ಅನುಕೂಲ.

ಚಿಕ್ಕ ಮಕ್ಕಳಿದ್ದಾರೆ. ಅವರಿಗೆ ಏನಿದೆ?

ಪ್ಯಾಂಟೊಮೈಮ್! ಇದನ್ನು ತಪ್ಪಿಸಬೇಡಿ. ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಹೆಚ್ಚು ಕಡಿಮೆ ಪ್ರತಿ ಊರಿನ ನಾಟಕಶಾಲೆಯಲ್ಲೂ ಇರುತ್ತದೆ. ಯಾರ್ಕ್, ಬಾತ್‌ಗಳ ಥಿಯೇಟರ್ ರಾಯಲ್‌ನಲ್ಲೂ ಉಂಟು. ಗೊತ್ತಿರುವ ಕಥೆ, ಹೆಣ್ಣುವೇಷದ ಗಂಡಸು, ಹಾಡು, ಕುಣಿತ. ಖಳ ಬಂದಾಗ ಮಕ್ಕಳು ಕಿರುಚಬೇಕು, ನಾಯಕನಿಗೆ ಹಿಂದೆ ನೋಡು ಅಂತ ಕೂಗಿ ಹೇಳಬೇಕು. ಪ್ರೇಕ್ಷಕರು ಸುಮ್ಮನಿದ್ದರೆ ನಾಟಕವೇ ನಡೆಯದು. ಮೂಡಲಪಾಯವನ್ನೋ ಕಂಪನಿ ನಾಟಕವನ್ನೋ ನೋಡಿ ಬೆಳೆದ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳಷ್ಟೇ ಖುಷಿಯಾಗುತ್ತದೆ.

ಚರ್ಚುಗಳಲ್ಲಿ 24ರ ಮಧ್ಯಾಹ್ನ ಮಕ್ಕಳಿಗೆಂದೇ ಗೋದಲಿಯ ಪ್ರಾರ್ಥನೆ ಇರುತ್ತದೆ. ಕ್ರಿಸ್ಟಿಂಗಲ್ ಸೇವೆ ಇದ್ದರೆ ಇನ್ನೂ ಚೆನ್ನ. ಕಿತ್ತಳೆ ಹಣ್ಣಿಗೆ ಕೆಂಪು ರಿಬ್ಬನ್ ಸುತ್ತಿ, ಸಿಹಿ ಸಿಕ್ಕಿಸಿ, ಮೇಲೆ ಮೇಣದಬತ್ತಿ ಹಚ್ಚಿ ಪ್ರತಿ ಮಗುವಿನ ಕೈಗೂ ಕೊಡುತ್ತಾರೆ. ಇಂಗ್ಲೆಂಡಿನ ಚರ್ಚಿಗೆ ಇದು ಬಂದದ್ದು 1968ರಲ್ಲಿ, ಲಿಂಕನ್ ಕೆಥೆಡ್ರಲ್‌ನಲ್ಲಿ.

ಅಪ್ಪ ಅಮ್ಮನಿಗೆ ಮಂಡಿ ನೋವು. ಯಾವ ಊರು ಬೇಡ?

ಲಿಂಕನ್, ಡರಮ್, ಬಾತ್‌ನ ಮೇಲ್ಭಾಗ. ಮೂರೂ ಏರು. ಲಿಂಕನ್‌ನ ಸ್ಟೀಪ್ ಹಿಲ್ ಏರುವುದು ಗಟ್ಟಿ ಕಾಲಿನವರಿಗೂ ಕಷ್ಟ. ಯಾರ್ಕ್, ಕೇಂಬ್ರಿಜ್ ಸಮತಟ್ಟು. ವಿಂಚೆಸ್ಟರ್ ಪರವಾಗಿಲ್ಲ. ಹಳೇ ಕಲ್ಲುಹಾಸು ಒದ್ದೆಯಾದರೆ ಜಾರುತ್ತದೆ, ಹಿಡಿತ ಇರುವ ಶೂ ಕಡ್ಡಾಯ. ಸೀರೆ ಉಡುವ ಅಮ್ಮಂದಿರು ಒಳಗೆ ಥರ್ಮಲ್ ಹಾಕಿಕೊಳ್ಳಲಿ. ಕೊಡೆಗಿಂತ ಟೋಪಿ ಇರುವ ಮಳೆ ಜಾಕೆಟ್ ಒಳ್ಳೆಯದು.

ಲಂಡನ್ ಬಿಟ್ಟು ಹೋಗಲೇಬೇಕಾ?

ಹೋಗಲೇಬೇಕು ಅಂತಿಲ್ಲ. ದೀಪ ನೋಡಲು ಲಂಡನ್ನಿನಷ್ಟು ಬೀದಿಗಳು ಬೇರೆಲ್ಲೂ ಇಲ್ಲ. ಟ್ರಫಾಲ್ಗರ್ ಚೌಕದ ಮರ 1947ರಿಂದ ಪ್ರತಿ ವರ್ಷ ನಾರ್ವೆಯ ಓಸ್ಲೋ ನಗರ ಕಳಿಸುವ ಉಡುಗೊರೆ, ಯುದ್ಧದಲ್ಲಿ ಜೊತೆಗೆ ನಿಂತದ್ದಕ್ಕೆ ಕೃತಜ್ಞತೆ. 25ಕ್ಕೆ ಅಲ್ಲೇ ಇದ್ದರೆ ಕೋಣೆ ನಡುಪೇಟೆಯಲ್ಲೇ ಇರಲಿ. ಹೊರವಲಯದಲ್ಲಿ ಹಿಡಿದರೆ ಟ್ಯೂಬ್ ಇಲ್ಲದೆ ಸಿಕ್ಕಿಬೀಳುತ್ತೀರಿ.

ಅವತ್ತು ಬೆಳಿಗ್ಗೆ ಹೈಡ್ ಪಾರ್ಕಿನ ಸರ್ಪೆಂಟೈನ್ ಕೆರೆಯಲ್ಲಿ ಈಜು ಸ್ಪರ್ಧೆ ನಡೆಯುತ್ತದೆ. 1864ರಿಂದ ಬಂದ ರೂಢಿ. ಕ್ಲಬ್ಬಿನವರು ಮಾತ್ರ ಈಜುತ್ತಾರೆ, ದಂಡೆಯಲ್ಲಿ ನಿಂತು ನೋಡಲು ಯಾರು ಬೇಕಾದರೂ ಹೋಗಬಹುದು. ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲೂ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲೂ ಪ್ರಾರ್ಥನೆ ಇರುತ್ತದೆ. ವೆಸ್ಟ್‌ಮಿನ್‌ಸ್ಟರ್‌ನಿಂದ ಲ್ಯಾಂಬೆತ್ ಸೇತುವೆ ದಾಟಿ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್‌ನಲ್ಲಿ ಅನಾವರಣಗೊಂಡಿತು. ವಾಹನ ಗದ್ದಲ ಇಲ್ಲದ ಆ ದಿನ ಅಲ್ಲಿಗೆ ನಡೆದು ಹೋಗಲು ತುಂಬಾ ಚೆನ್ನ.

26ರಂದು ಸುಮ್ನೆ ಕೂರಬೇಕಾ?

ಇಲ್ಲ. ಅಂಗಡಿಗಳ ಸೇಲ್ ಶುರುವಾಗುತ್ತದೆ, ಫುಟ್‌ಬಾಲ್ ಪಂದ್ಯಗಳಿರುತ್ತವೆ. ನನಗೆ ಇಷ್ಟವಾದದ್ದು ಬಾತ್ ಹತ್ತಿರದ ಮಾರ್ಷ್‌ಫೀಲ್ಡ್ ಊರಿನ ಮಮ್ಮರ್ಸ್ ಆಟ. ಬಾಕ್ಸಿಂಗ್ ಡೇ ಬೆಳಿಗ್ಗೆ ಹನ್ನೊಂದಕ್ಕೆ, ಮೈತುಂಬ ಕಾಗದದ ಪಟ್ಟಿಗಳನ್ನು ತೊಟ್ಟ ಊರ ಗಂಡಸರು ಹೈ ಸ್ಟ್ರೀಟ್‌ನಲ್ಲಿ ಆಡುತ್ತಾರೆ. ಒಬ್ಬ ಸಾಯುತ್ತಾನೆ, ವೈದ್ಯ ಬಂದು ಎಬ್ಬಿಸುತ್ತಾನೆ. ಬೀದಿಯಲ್ಲಿ ನಿಂತು ನೋಡುವುದು. ಬಾತ್‌ನಿಂದ ಹೋಗಲು ಅವತ್ತು ಬಸ್ ನಂಬಬೇಡಿ, ಟ್ಯಾಕ್ಸಿ ಮೊದಲೇ ಹೇಳಿಡಿ.

ಯಾವುದನ್ನು ಯಾವಾಗ ಬುಕ್ ಮಾಡಬೇಕು?

ಮೊದಲು ಕೋಣೆ, ಇಂಗ್ಲೆಂಡಿನ ಬೇಸಿಗೆ, ಅಂದರೆ ಆಗಸ್ಟ್, ಮುಗಿಯುವುದರೊಳಗೆ. 24ರಿಂದ ಮೂರು ರಾತ್ರಿ ಒಂದೇ ಊರಿನಲ್ಲಿ, ಒಂದೇ ಕಡೆ. ನಡುವೆ ಊರು ಬದಲಿಸುವ ಯೋಚನೆ ಬೇಡವೇ ಬೇಡ. ಕೆಲವು ಹೋಟೆಲ್‌ಗಳು ಮೂರು ರಾತ್ರಿ, ಎಲ್ಲ ಊಟ ಸೇರಿಸಿ ಒಂದೇ ದರ ಹೇಳುತ್ತವೆ. ಹೊರಗೆ ಊಟ ಸಿಗದ ದಿನಗಳಾದ್ದರಿಂದ ಅದು ನಷ್ಟವಲ್ಲ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟರ್ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ಸೆಪ್ಟೆಂಬರ್ ಕೊನೆಗೆ ಹಾಕಿಬಿಡಿ. ಬೆಂಗಳೂರಿನಲ್ಲೇ ಕೇಂದ್ರ ಇದೆ. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನವೂ ಇದೆ. 25ರಂದು ಇಳಿಯುವ ವಿಮಾನ ಅಗ್ಗ ಕಾಣಿಸಬಹುದು. ಆದರೆ ಹೀಥ್ರೋದಿಂದ ರೈಲೂ ಇಲ್ಲ, ಟ್ಯೂಬೂ ಇಲ್ಲ, ಉಳಿದ ದುಡ್ಡೆಲ್ಲ ಟ್ಯಾಕ್ಸಿಗೆ ಹೋಗುತ್ತದೆ.

ರೈಲು ಟಿಕೆಟ್ ಮುಂಗಡ ದರದಲ್ಲಿ ತೆಗೆದರೆ ತುಂಬಾ ಉಳಿತಾಯ. ಹಬ್ಬದ ವಾರದ ಟಿಕೆಟ್‌ಗಳು ಮಾತ್ರ ತಡವಾಗಿ ಬಿಡುಗಡೆಯಾಗುತ್ತವೆ. ಆ ವಾರದಲ್ಲೇ ಹಳಿ ದುರಸ್ತಿ ಇಟ್ಟುಕೊಳ್ಳುತ್ತಾರೆ. ದೊಡ್ಡ ನಿಲ್ದಾಣವನ್ನೇ ಮುಚ್ಚುವುದೂ ಉಂಟು. 2024ರಲ್ಲಿ ಪ್ಯಾಡಿಂಗ್ಟನ್ 27ರಿಂದ 29ರವರೆಗೆ ಹಾಗೆ ಮುಚ್ಚಿತ್ತು. ಬಾತ್‌ಗೋ ಪೆನ್‌ಜಾನ್ಸ್‌ಗೋ ಹೋಗುವವರು ಇದನ್ನು ನೋಡಿಕೊಳ್ಳಲೇಬೇಕು.

ಹೊಸ ವರ್ಷದವರೆಗೆ ಉಳಿಯಬಹುದಾ?

ರಜೆ ಇದ್ದರೆ ಉಳಿಯಿರಿ. 27ರಿಂದ 30ರವರೆಗೆ ಮ್ಯೂಸಿಯಂ, ಅರಮನೆಗಳು ಮತ್ತೆ ತೆರೆಯುತ್ತವೆ, ದೀಪಗಳು ಇನ್ನೂ ಇರುತ್ತವೆ, ಕೋಣೆ ದರ ಸ್ವಲ್ಪ ಇಳಿದಿರುತ್ತದೆ. ಬಾತ್‌ನ ಬಿಸಿನೀರಿಗೆ ಇದೇ ಸರಿಯಾದ ಹೊತ್ತು. ಯಾರ್ಕ್‌ನಲ್ಲಿದ್ದವರು ಡರಮ್‌ಗೆ ಒಂದು ದಿನ ಹೋಗಿ ಬರಬಹುದು. 31ರ ರಾತ್ರಿ ಲಂಡನ್ನಿನ ಪಟಾಕಿ ಹತ್ತಿರದಿಂದ ನೋಡಲು ಟಿಕೆಟ್ ಬೇಕು, ಮೊದಲೇ ಕೊಳ್ಳಬೇಕು. ಜನವರಿ 1 ಕೂಡ ಸರ್ಕಾರಿ ರಜೆ, ರೈಲು ಕಡಿಮೆ. ಅವತ್ತೇ ವಾಪಸ್ ವಿಮಾನ ಇದ್ದರೆ ಹಿಂದಿನ ರಾತ್ರಿಯೇ ವಿಮಾನ ನಿಲ್ದಾಣದ ಹತ್ತಿರ ಬಂದು ಉಳಿಯಿರಿ.